ಕಾಯಿಲೆ ಕಣ್ಣಿಗೆ ಬೀಳದ ಕಡೆ ಪರೀಕ್ಷೆ ಖರ್ಚಾಗಲಿ

(ಬಡ ದೇಶಗಳಲ್ಲಿ ಲೈಂಗಿಕ ಸೋಂಕುಗಳ ಪತ್ತೆ ಕುರಿತ ಉಪನ್ಯಾಸದ ಬರಹ ರೂಪ)

ಲೈಂಗಿಕ ಸೋಂಕುಗಳ ವಿಷಯದಲ್ಲಿ ಔಷಧಿಯ ಕೊರತೆಗಿಂತ ಪತ್ತೆಯ ಕೊರತೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 2020ನೇ ಸಾಲಿಗೆ ಮಾಡಿದ ಅಂದಾಜಿನಂತೆ 15ರಿಂದ 49 ವರ್ಷದವರಲ್ಲಿ ಒಂದೇ ವರ್ಷಕ್ಕೆ 37.4 ಕೋಟಿ ಹೊಸ ಸೋಂಕು: ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯದ್ದು 15.6 ಕೋಟಿ, ಕ್ಲಮೈಡಿಯಾ 12.9 ಕೋಟಿ, ಗೊನೊರಿಯಾ 8.2 ಕೋಟಿ, ಸಿಫಿಲಿಸ್ 71 ಲಕ್ಷ. ನಾಲ್ಕೂ ವಾಸಿಯಾಗುವಂಥವೇ. ಸಿಫಿಲಿಸ್‌ಗಂತೂ 1940ರ ದಶಕದಿಂದ ಪೆನಿಸಿಲಿನ್ ಇದೆ, ಇವತ್ತಿಗೂ ಅದು ಕೆಲಸ ಮಾಡುತ್ತದೆ. ಹಾಗಿದ್ದೂ ಸೋಂಕು ಕರಗದಿರುವುದಕ್ಕೆ ಒಂದು ಮುಖ್ಯ ಕಾರಣ, ಔಷಧಿ ಯಾರಿಗೆ ಕೊಡಬೇಕೆಂದು ಗೊತ್ತಾಗದಿರುವುದು. ಲ್ಯಾಬ್ ದೂರ, ಕರೆಂಟಿಗೆ ಭರವಸೆ ಇಲ್ಲ, ವರದಿ ಬರುವಷ್ಟರಲ್ಲಿ ರೋಗಿ ಕೈತಪ್ಪಿ ಹೋಗಿರುತ್ತಾರೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಲಕ್ಷಣ ನೋಡಿ ಚಿಕಿತ್ಸೆ ಕೊಡುವ ಪದ್ಧತಿ. ಕೀವು, ಹುಣ್ಣು, ಬಿಳಿಸೆರಗು, ಕಿಬ್ಬೊಟ್ಟೆ ನೋವು ಎಂದು ದೂರುಗಳನ್ನು ಗುಂಪು ಮಾಡಿ, ಆ ಗುಂಪಿನ ಪ್ರಮುಖ ರೋಗಾಣುಗಳಿಗೆಲ್ಲ ಅದೇ ದಿನ ಔಷಧಿ ಕೊಟ್ಟು ಕಳಿಸುವುದು. ಟಾಂಜಾನಿಯಾದ ಮ್ವಾಂಜಾ ಪ್ರಾಂತ್ಯದಲ್ಲಿ ಈ ಪದ್ಧತಿಯನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಶಿಸ್ತಾಗಿ ಜಾರಿ ಮಾಡಿದಾಗ ಹೊಸ ಎಚ್‌ಐವಿ ಸೋಂಕು ಸುಮಾರು ಶೇ. 40ರಷ್ಟು ಇಳಿಯಿತೆಂದು 1995ರಲ್ಲಿ ಪ್ರಕಟವಾಯಿತು. ಪದ್ಧತಿಗೆ ಜಗತ್ತಿನಾದ್ಯಂತ ಮನ್ನಣೆ ಸಿಕ್ಕಿದ್ದರಲ್ಲಿ ಇದರ ಪಾಲು ದೊಡ್ಡದು. ಮನ್ನಣೆಗೆ ಅರ್ಹವೂ ಹೌದು, ಆದರೆ ಎಲ್ಲ ದೂರುಗಳಿಗೂ ಸಮನಾಗಿ ಅಲ್ಲ.

ಗಂಡಸರ ಮೂತ್ರನಾಳದಿಂದ ಕೀವು ಬರುತ್ತಿದ್ದರೆ ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಅಂಥ ಕೀವಿಗೆ ಕಾರಣ ಬಹುಪಾಲು ಗೊನೊರಿಯಾ ಅಥವಾ ಕ್ಲಮೈಡಿಯಾ. ಎರಡಕ್ಕೂ ಔಷಧಿ ಕೊಟ್ಟರೆ ತಪ್ಪುವುದು ಕಡಿಮೆ. ಹೆಂಗಸರ ಬಿಳಿಸೆರಗಿನಲ್ಲಿ ಇದೇ ಲೆಕ್ಕ ಕೈಕೊಡುತ್ತದೆ. ಬಿಳಿಸೆರಗು ಹೆಚ್ಚಾಗಿ ಯೋನಿಯ ತೊಂದರೆ: ಅಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲ ಕೆಡುವ ಬ್ಯಾಕ್ಟೀರಿಯಲ್ ವಜೈನೋಸಿಸ್, ಕ್ಯಾಂಡಿಡಾ ಎಂಬ ಶಿಲೀಂಧ್ರ, ಇಲ್ಲವೇ ಟ್ರೈಕೊಮೊನಾಸ್. ಗೊನೊರಿಯಾ ಮತ್ತು ಕ್ಲಮೈಡಿಯಾ ಮನೆ ಮಾಡುವುದು ಗರ್ಭಕೊರಳಿನಲ್ಲಿ, ಅಲ್ಲಿದ್ದರೂ ಹೆಚ್ಚಿನ ಹೆಂಗಸರಿಗೆ ಏನೂ ಅನ್ನಿಸುವುದಿಲ್ಲ. ಹಾಗಾಗಿ ಬಿಳಿಸೆರಗು ಇದೆ ಎಂದು ಬಂದವರಲ್ಲಿ ಬಹಳ ಮಂದಿಗೆ ಆ ಸೋಂಕೇ ಇರುವುದಿಲ್ಲ, ಸೋಂಕಿರುವವರಲ್ಲಿ ಬಹಳ ಮಂದಿ ಕೇಂದ್ರಕ್ಕೆ ಬಂದೇ ಇರುವುದಿಲ್ಲ. ಬೇಡದ ಮಾತ್ರೆ ನುಂಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ 'ಗಂಡನನ್ನೂ ಕರೆದುಕೊಂಡು ಬನ್ನಿ' ಎಂದು ಹೇಳಿ ಕಳಿಸುವುದರಲ್ಲಿದೆ. ಕ್ಯಾಂಡಿಡಾಕ್ಕೆ ಲೈಂಗಿಕ ಸೋಂಕೆಂಬ ಹಣೆಪಟ್ಟಿ ಹಚ್ಚಿದ ಚೀಟಿ ಮನೆಯೊಳಗೆ ಏನು ಮಾಡಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಕೈಯಲ್ಲಿ ಹತ್ತೇ ಪರೀಕ್ಷೆಗಳಿದ್ದರೆ ಅವನ್ನು ಕೀವು ಸುರಿಯುತ್ತಿರುವ ಗಂಡಸಿನ ಮೇಲೆ ಖರ್ಚು ಮಾಡಬೇಡಿ; ಬಸುರಿಯರಿಗೆ, ಲಕ್ಷಣವಿಲ್ಲದ ಹೆಂಗಸರಿಗೆ, ಬಿಳಿಸೆರಗಿನ ದೂರಿನವರಿಗೆ ಎತ್ತಿಡಿ. ಅನೇಕ ಕೇಂದ್ರಗಳಲ್ಲಿ ಆಗುವುದು ಇದರ ಉಲ್ಟಾ. ಯಾರ ಕಾಯಿಲೆ ಎದ್ದು ಕಾಣುತ್ತದೋ ಅವರಿಗೇ ಪರೀಕ್ಷೆ ಬರೆದುಕೊಡುತ್ತಾರೆ.

ಇಲ್ಲೊಂದು ಲೆಕ್ಕ ಮಾಡಿಕೊಳ್ಳಬೇಕು, ಏಕೆಂದರೆ ಲಕ್ಷಣವಿಲ್ಲದವರನ್ನು ಪರೀಕ್ಷಿಸುವಾಗ ಕಾಲು ಜಾರುವುದು ಇಲ್ಲೇ. ಒಂದು ಕಿಟ್ ಸೋಂಕಿತರಲ್ಲಿ ಶೇ. 95 ಜನರನ್ನು ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ಶೇ. 95 ಜನರಿಗೆ ಸರಿಯಾಗಿ ನೆಗೆಟಿವ್ ಹೇಳುತ್ತದೆ ಎಂದಿಟ್ಟುಕೊಳ್ಳಿ. ಶೇ. 20 ಸೋಂಕಿರುವ ಸಾವಿರ ಜನರಲ್ಲಿ ಅದು 190 ನಿಜವಾದ ಪಾಸಿಟಿವ್, 40 ಸುಳ್ಳು ಪಾಸಿಟಿವ್ ಕೊಡುತ್ತದೆ. ಪರವಾಗಿಲ್ಲ. ಅದೇ ಕಿಟ್ಟನ್ನು ಶೇ. 2 ಸೋಂಕಿರುವ ಸಾವಿರ ಜನರ ಮೇಲೆ ಬಳಸಿದರೆ ನಿಜವಾದವು 19, ಸುಳ್ಳು 49. ಅಂದರೆ ಪಾಸಿಟಿವ್ ಬಂದ 68 ಜನರಲ್ಲಿ 49 ಮಂದಿಗೆ ಕಾಯಿಲೆಯೇ ಇಲ್ಲ. ಕಿಟ್ ಬದಲಾಗಿಲ್ಲ, ಜನ ಬದಲಾದರು. ಸೋಂಕಿನ ಪ್ರಮಾಣ ಇಳಿಯುತ್ತಾ ಬಂದಂತೆ ಎಚ್‌ಐವಿ ಇದೆ ಎಂದು ಹೇಳುವ ಮುನ್ನ ಸತತ ಮೂರು ಪರೀಕ್ಷೆಗಳಲ್ಲಿ ಪಾಸಿಟಿವ್ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದರ ಹಿಂದೆ ಇರುವುದೂ ಇದೇ ಲೆಕ್ಕ. ಹೊಸ ಕಿಟ್ ಕೊಳ್ಳುವಾಗ ಡಬ್ಬಿಯ ಮೇಲಿನ ಶೇಕಡಾವಾರು ನೋಡಿ ಖುಷಿಪಡುವ ಮೊದಲು ನಿಮ್ಮ ಕೇಂದ್ರಕ್ಕೆ ಬರುವವರಲ್ಲಿ ಸೋಂಕು ಎಷ್ಟಿದೆ ಎಂದು ಕೇಳಿಕೊಳ್ಳಿ.

ಈಗ ಮೇಜಿನ ಮೇಲಿನ ಕೆಲಸಕ್ಕೆ ಬರೋಣ. ಮೊದಲು ಸೂಕ್ಷ್ಮದರ್ಶಕ. ಗಂಡಸರ ಕೀವಿನ ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ನೇರಳೆಯ ಗ್ರಾಮ್ ಪಾಸಿಟಿವ್, ಗುಲಾಬಿಯ ಗ್ರಾಮ್ ನೆಗೆಟಿವ್ ಎಂದು ಬೇರ್ಪಡಿಸುವುದು) ಲ್ಯಾಬ್‌ನ ಅತ್ಯಂತ ನಂಬಿಕಸ್ತ ಪರೀಕ್ಷೆಗಳಲ್ಲೊಂದು. ಕೀವು ಹೊರಗೇ ಕಾಣುತ್ತಿದ್ದರೆ ಸ್ವಾಬ್ (ಮಾದರಿ ತೆಗೆಯುವ ಕಡ್ಡಿ) ಒಳಗೆ ತೂರಿಸಬೇಕಿಲ್ಲ. ಇಲ್ಲದಿದ್ದರೆ 2ರಿಂದ 3 ಸೆಂ.ಮೀ. ಒಳಗೆ ಹಾಕಿ ತಿರುಗಿಸಿ ತೆಗೆಯಬೇಕು. ಸ್ಲೈಡಿನ ಮೇಲೆ ಸ್ವಾಬನ್ನು ಉರುಳಿಸಬೇಕು, ಉಜ್ಜಬಾರದು. ಉಜ್ಜಿದರೆ ಬಿಳಿರಕ್ತಕಣಗಳು ಒಡೆಯುತ್ತವೆ, ಒಡೆದ ಮೇಲೆ ರೋಗಾಣು ಕಣದ ಒಳಗಿತ್ತೋ ಹೊರಗಿತ್ತೋ ಹೇಳಲಾಗದು. ಗಾಳಿಗೆ ಒಣಗಿಸಿ, ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸಿ, ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಅಸಿಟೋನ್-ಆಲ್ಕೋಹಾಲ್ ಕೆಲವೇ ಸೆಕೆಂಡು, ಸಾಫ್ರನಿನ್ ಒಂದು ನಿಮಿಷ. ನಡುನಡುವೆ ನೀರು. ಕೆಡುವುದು ಬಹುತೇಕ ಮೂರನೇ ಹಂತದಲ್ಲಿ. ಲೇಪ ದಪ್ಪವಾಗಿದ್ದರೆ ನೇರಳೆ ಬಣ್ಣ ಇಳಿಯುವುದೇ ಇಲ್ಲ, ಎಲ್ಲ ಗ್ರಾಮ್ ಪಾಸಿಟಿವ್ ಎಂಬಂತೆ ಕಾಣುತ್ತದೆ. ಅಸಿಟೋನ್ ಹೆಚ್ಚು ಹೊತ್ತು ನಿಂತರೆ ಇಳಿಯಬಾರದ್ದೂ ಇಳಿದುಬಿಡುತ್ತದೆ. ಅದಕ್ಕೇ ಒಂದೇ ಸ್ಲೈಡಿನಲ್ಲಿ ತೆಳುವಾದ ಜಾಗ ಹುಡುಕಿ ನೋಡಿ. ಬಿಳಿರಕ್ತಕಣದ ಒಳಗೆ ಗುಲಾಬಿ ಬಣ್ಣದ ಜೋಡಿ ದುಂಡಾಣುಗಳು ಕಂಡರೆ ಗೊನೊರಿಯಾ. ಅವಿಲ್ಲದೆ ಎಣ್ಣೆ ಹಾಕಿ ನೋಡುವ ಲೆನ್ಸಿನಡಿ ಒಂದೊಂದು ನೋಟದಲ್ಲಿ ಐದು ಅಥವಾ ಹೆಚ್ಚು ಬಿಳಿರಕ್ತಕಣ ಇದ್ದರೆ ಗೊನೊರಿಯಾ ಅಲ್ಲದ ಮೂತ್ರನಾಳದ ಉರಿಯೂತ ಎಂದು ಹಿಡಿಯುವುದು ಹಳೆಯ ರೂಢಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2015ರಲ್ಲಿ ಈ ಗಡಿಯನ್ನು ಎರಡಕ್ಕೆ ಇಳಿಸಿತು.

ಇದೇ ಗ್ರಾಮ್ ಸ್ಟೇನನ್ನು ಗರ್ಭಕೊರಳಿನ ಮಾದರಿಗೆ ಮಾಡಿದರೆ ಗೊನೊರಿಯಾ ಇರುವ ಹೆಂಗಸರಲ್ಲಿ ಅರ್ಧದಷ್ಟು ಮಂದಿ ತಪ್ಪಿಹೋಗುತ್ತಾರೆ. ರೋಗಾಣು ಕಡಿಮೆ, ಸುತ್ತಲಿನ ಬೇರೆ ಬ್ಯಾಕ್ಟೀರಿಯಾ ಹೆಚ್ಚು. ಆ ಸ್ಲೈಡ್ ನೆಗೆಟಿವ್ ಬಂದರೆ ಅದಕ್ಕೆ ಬೆಲೆ ಇಲ್ಲ.

ಹೆಂಗಸರಿಗೆ ಸೂಕ್ಷ್ಮದರ್ಶಕದಿಂದ ಆಗುವ ಉಪಕಾರ ಬೇರೆಯದು: ಬಿಳಿಸೆರಗಿನ ಕಾರಣವನ್ನು ಹತ್ತೇ ನಿಮಿಷದಲ್ಲಿ ಬೇರ್ಪಡಿಸುವುದು. ಯೋನಿಯ ಪಕ್ಕದ ಗೋಡೆಯಿಂದ ಸ್ವಾಬ್ ತೆಗೆದು ಪಿಎಚ್ ಕಾಗದಕ್ಕೆ ಒತ್ತಿ. ಗರ್ಭಕೊರಳಿನ ಲೋಳೆ ತಾಗಿದರೆ ಓದು ಏರುತ್ತದೆ. ರಕ್ತ, ವೀರ್ಯ ಇದ್ದರೂ ಅಷ್ಟೇ. 4.5ಕ್ಕಿಂತ ಹೆಚ್ಚಿದ್ದರೆ ವಜೈನೋಸಿಸ್ ಅಥವಾ ಟ್ರೈಕೊಮೊನಾಸ್ ಅನುಮಾನ. ಕ್ಯಾಂಡಿಡಾದಲ್ಲಿ ಸಾಮಾನ್ಯವಾಗಿ ಏರುವುದಿಲ್ಲ. ಒಂದು ಸ್ಲೈಡಿನ ಎರಡು ತುದಿಯಲ್ಲಿ ಎರಡು ಹನಿ: ಒಂದು ಸಲೈನ್, ಇನ್ನೊಂದು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಎರಡನೆಯದಕ್ಕೆ ಸ್ರಾವ ಬೆರೆಸಿದ ಕೂಡಲೇ ಮೀನಿನ ವಾಸನೆ ಬಂದರೆ ವಜೈನೋಸಿಸ್‌ಗೆ ಒಂದು ಗುರುತು ಸಿಕ್ಕಂತೆ. ಅದೇ ಹನಿಯಲ್ಲಿ ಕ್ಯಾಂಡಿಡಾದ ಎಳೆಗಳೂ ಚೆನ್ನಾಗಿ ಕಾಣುತ್ತವೆ. ಸಲೈನ್ ಹನಿಯಲ್ಲಿ ಅಂಚು ಮಸುಕಾಗುವಷ್ಟು ಬ್ಯಾಕ್ಟೀರಿಯಾ ಅಂಟಿದ ಚರ್ಮಕೋಶಗಳು ಐದರಲ್ಲೊಂದಕ್ಕಿಂತ ಹೆಚ್ಚಿವೆಯೇ ನೋಡಿ. ತೆಳುವಾದ ಏಕರೂಪದ ಸ್ರಾವ, ಏರಿದ ಪಿಎಚ್, ವಾಸನೆ, ಈ ಕೋಶಗಳು: ನಾಲ್ಕರಲ್ಲಿ ಮೂರಿದ್ದರೆ ವಜೈನೋಸಿಸ್.

ಟ್ರೈಕೊಮೊನಾಸ್ ಹಿಡಿಯಬೇಕಾದರೆ ಆ ಜೀವಿ ಚಲಿಸುವುದು ಕಾಣಬೇಕು. ಬಿಳಿರಕ್ತಕಣದಷ್ಟೇ ಗಾತ್ರದ ಪೇರುಹಣ್ಣಿನ ಆಕಾರದ ಜೀವಿ ತಡವರಿಸುತ್ತಾ, ಜಗ್ಗುತ್ತಾ ಓಡಾಡುತ್ತದೆ. ಓಡಾಟ ನಿಂತರೆ ಅದನ್ನು ಬಿಳಿರಕ್ತಕಣದಿಂದ ಬೇರ್ಪಡಿಸುವುದು ಕಷ್ಟ. ಮಾದರಿ ತಣ್ಣಗಾದಂತೆ ಚಲನೆ ಕುಂದುತ್ತದೆ, ಹೀಗಾಗಿ ತೆಗೆದ ಹತ್ತು ನಿಮಿಷದೊಳಗೆ ನೋಡಿ ಮುಗಿಸಬೇಕು. ಸೂಕ್ಷ್ಮದರ್ಶಕದ ಕಂಡೆನ್ಸರ್ (ಬೆಳಕು ಒಗ್ಗೂಡಿಸುವ ಲೆನ್ಸು) ಕೆಳಗಿಳಿಸಿ ಬೆಳಕು ತಗ್ಗಿಸಿದರೆ ಬೇಗ ಕಣ್ಣಿಗೆ ಬೀಳುತ್ತದೆ. ಎಲ್ಲ ಸರಿ ಮಾಡಿದರೂ ಮೂವರಲ್ಲಿ ಒಬ್ಬರಾದರೂ ತಪ್ಪಿಹೋಗಬಹುದು. ಮಾದರಿಯನ್ನು ಇನ್ನೊಂದು ಕಟ್ಟಡಕ್ಕೆ ಕಳಿಸಿ ಮಧ್ಯಾಹ್ನ ನೋಡುವ ಏರ್ಪಾಡಿದ್ದರೆ ಈ ಪರೀಕ್ಷೆ ಮಾಡದಿರುವುದೇ ವಾಸಿ; ಸುಳ್ಳು ನೆಗೆಟಿವ್ ಬರೆದುಕೊಟ್ಟ ಹಾಗಾಗುತ್ತದೆ.

ಗರ್ಭಕೊರಳಿನ ಕ್ಲಮೈಡಿಯಾ, ಗೊನೊರಿಯಾಗಳಿಗೆ ಇವತ್ತು ನಂಬಬಹುದಾದದ್ದು ರೋಗಾಣುವಿನ ನ್ಯೂಕ್ಲಿಯಿಕ್ ಆಮ್ಲವನ್ನು ಹಿಗ್ಗಿಸಿ ಹುಡುಕುವ ಪರೀಕ್ಷೆ. ಸಾಧ್ಯವಿರುವ ಕಡೆ ಅದೇ ದಿನ ಫಲಿತಾಂಶ ಕೊಡುವ ಇಂಥ ಪರೀಕ್ಷೆ ನೋಡಿ ಚಿಕಿತ್ಸೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ ಹೇಳುತ್ತದೆ. ಕ್ಷಯರೋಗಕ್ಕಾಗಿ ಅನೇಕ ದೇಶಗಳ ತಾಲ್ಲೂಕು ಮಟ್ಟದವರೆಗೂ ತಲುಪಿರುವ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲೇ ಇವೆರಡರ ಕಾರ್ಟ್ರಿಡ್ಜ್ ಹಾಕಬಹುದು, ಸುಮಾರು 90 ನಿಮಿಷಕ್ಕೆ ಉತ್ತರ ಬರುತ್ತದೆ. ಕೇಳಲು ಸೊಗಸು. ಲೆಕ್ಕ ಹಾಕಿ: ನಾಲ್ಕು ಗೂಡಿನ ಯಂತ್ರ, ಎಂಟು ಗಂಟೆಯ ದಿನ, ಒಂದು ಕ್ಷಣವೂ ಖಾಲಿ ಬಿಡದಿದ್ದರೆ 20 ಪರೀಕ್ಷೆ. ಅದರಲ್ಲಿ ಕಫದ ಮಾದರಿಗಳ ಪಾಲು ಬೇರೆ. ಸರತಿಯಲ್ಲಿ ಹತ್ತನೆಯವರು ಮಧ್ಯಾಹ್ನದವರೆಗೆ ಕಾಯಬೇಕು, ಕಾಯುವುದಿಲ್ಲ. ಮಾದರಿ ತೆಗೆಯುವ ಕೆಲಸವನ್ನು ನೋಂದಣಿ ಮಾಡಿದ ತಕ್ಷಣವೇ, ವೈದ್ಯರನ್ನು ಕಾಣುವ ಮೊದಲೇ ಮುಗಿಸಿದರೆ ಈ ಕಾಯುವಿಕೆಯಲ್ಲಿ ಒಂದು ಪಾಲು ಉಳಿಯುತ್ತದೆ. ಯಂತ್ರಕ್ಕೆ ಬ್ಯಾಟರಿ ಬೆಂಬಲ ಇರಲೇಬೇಕು. ನಡುವೆ ಕರೆಂಟ್ ಹೋದರೆ ಆ ಕಾರ್ಟ್ರಿಡ್ಜ್ ಹೋಯಿತೆಂದೇ ಲೆಕ್ಕ.

ಮಾದರಿ ತೆಗೆಯಲು ಹೆಂಗಸರನ್ನು ಮೇಜಿನ ಮೇಲೆ ಮಲಗಿಸಿ ಉಪಕರಣ ಹಾಕಬೇಕಿಲ್ಲ. ಅವರೇ ಮರೆಯಲ್ಲಿ ಸ್ವಾಬನ್ನು ಸುಮಾರು 5 ಸೆಂ.ಮೀ. ಒಳಗೆ ಹಾಕಿ ಹತ್ತರಿಂದ ಮೂವತ್ತು ಸೆಕೆಂಡು ತಿರುಗಿಸಿ ತೆಗೆದ ಮಾದರಿ ವೈದ್ಯರು ತೆಗೆದದ್ದಕ್ಕೆ ಸರಿಸಮ ಎಂಬುದು ಹಲವು ಕಡೆ ಖಚಿತವಾಗಿದೆ. ಗಂಡಸರಿಗೆ ಮೂತ್ರ ಸಾಕು. ಆದರೆ ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ. ಕಲ್ಚರ್ ಎಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ. ಮೂತ್ರದ ಕಲ್ಚರ್‌ಗೆ 'ಮೊದಲು ಸ್ವಲ್ಪ ಬಿಟ್ಟು ನಡುವಿನದ್ದು ಹಿಡಿಯಿರಿ' ಎಂದು ಹೇಳಿ ಅಭ್ಯಾಸವಾದ ಸಿಬ್ಬಂದಿ ಇಲ್ಲಿಯೂ ಹಾಗೇ ಹೇಳುತ್ತಾರೆ. ನಮಗೆ ಬೇಕಾದದ್ದು ಮೂತ್ರನಾಳವನ್ನು ತೊಳೆದುಕೊಂಡು ಬರುವ ಮೊದಲ 20ರಿಂದ 30 ಮಿ.ಲೀ. ಅದನ್ನು ಚೆಲ್ಲಿ ನಡುವಿನದ್ದು ಹಿಡಿದರೆ ರೋಗಾಣುವನ್ನೇ ಚೆಲ್ಲಿದಂತೆ. ಹಿಂದಿನ ಒಂದೆರಡು ಗಂಟೆ ಮೂತ್ರ ಮಾಡಿರಬಾರದು. ಲೋಟದ ಮೇಲೆ 30 ಮಿ.ಲೀ.ಗೆ ಗೆರೆ ಎಳೆದು ಕೊಟ್ಟುಬಿಡಿ, ಅರ್ಧ ಸಮಸ್ಯೆ ಮುಗಿಯುತ್ತದೆ.

ಇನ್ನೊಂದು: ಈ ಪರೀಕ್ಷೆಗೆ ಸತ್ತ ರೋಗಾಣುವೂ ಸಿಗುತ್ತದೆ. ಚಿಕಿತ್ಸೆಯಾದ ಎರಡು ವಾರಕ್ಕೆ ಮತ್ತೆ ಮಾಡಿ 'ಇನ್ನೂ ವಾಸಿಯಾಗಿಲ್ಲ' ಎನ್ನಬೇಡಿ. ಕ್ಲಮೈಡಿಯಾದಲ್ಲಿ ನಾಲ್ಕು ವಾರದವರೆಗೂ ಸುಳ್ಳು ಪಾಸಿಟಿವ್ ಬರಬಹುದು. ಮರುಸೋಂಕು ನೋಡಲು ಮೂರು ತಿಂಗಳ ಹೊತ್ತಿಗೆ ಕರೆಯಿರಿ.

ಈಗ ಸಿಫಿಲಿಸ್. ಇದಕ್ಕೆ ಹೆಚ್ಚು ಸಮಯ ಕೊಡುತ್ತೇವೆ, ಏಕೆಂದರೆ ಕಡಿಮೆ ದುಡ್ಡಿನಲ್ಲಿ ಇಷ್ಟು ಜೀವ ಉಳಿಸುವ ಪರೀಕ್ಷೆ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. 2016ರಲ್ಲಿ ತಾಯಿಯಿಂದ ಮಗುವಿಗೆ ದಾಟಿದ ಸಿಫಿಲಿಸ್ ಪ್ರಕರಣಗಳು ಜಗತ್ತಿನಲ್ಲಿ ಸುಮಾರು 6.61 ಲಕ್ಷ ಎಂದು ಅಂದಾಜು. ಅದರಲ್ಲಿ ಎರಡು ಲಕ್ಷದಷ್ಟು ಹೊಟ್ಟೆಯಲ್ಲೇ ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತ ಶಿಶುಗಳು. ಈ ನಷ್ಟದ ಅರ್ಧಕ್ಕಿಂತ ಹೆಚ್ಚು ಆದದ್ದು ಬಸುರಿಯಲ್ಲಿ ಒಮ್ಮೆಯಾದರೂ ತಪಾಸಣೆಗೆ ಬಂದಿದ್ದ ತಾಯಂದಿರಲ್ಲಿ. ಅವರು ಬಂದಿದ್ದರು, ಪರೀಕ್ಷೆಯೋ ಚುಚ್ಚುಮದ್ದೋ ಅವರಿಗೆ ಸಿಗಲಿಲ್ಲ.

ಹಳೆಯ ಆರ್‌ಪಿಆರ್ ಎಂಬ ರಕ್ತಪರೀಕ್ಷೆ ಸರಳವೆಂದು ಹೆಸರು ಮಾಡಿದೆ, ಆದರೆ ಅದರ ಬೇಡಿಕೆಗಳನ್ನು ನೋಡಿ. ರಕ್ತದಿಂದ ಸೀರಂ ಎಂಬ ತಿಳಿದ್ರವ ಬೇರ್ಪಡಿಸಲು ಸೆಂಟ್ರಿಫ್ಯೂಜ್ (ಗಿರಗಿರ ತಿರುಗಿಸುವ ಯಂತ್ರ) ಬೇಕು. 50 ಮೈಕ್ರೊಲೀಟರ್ ಸೀರಂ ಅನ್ನು 18 ಮಿ.ಮೀ. ವೃತ್ತದ ತುಂಬ ಹರಡಿ, ಇದ್ದಿಲಿನ ಕಣಗಳಿರುವ ಆಂಟಿಜನ್ ಎಂಬ ಪರೀಕ್ಷಾದ್ರವ ಒಂದು ಹನಿ ಹಾಕಿ, ತೇವದ ಮುಚ್ಚಳದಡಿ ನಿಮಿಷಕ್ಕೆ 100 ಸುತ್ತಿನಂತೆ 8 ನಿಮಿಷ ತಿರುಗಿಸಬೇಕು; ಕಣಗಳು ಒಟ್ಟುಗೂಡಿದರೆ ಪಾಸಿಟಿವ್. ಕೋಣೆ 23ರಿಂದ 29 ಡಿಗ್ರಿ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಪ್ರತಿಕ್ರಿಯೆ ಕುಗ್ಗುತ್ತದೆ, ಬಿಸಿಯಿದ್ದರೆ ಹಿಗ್ಗುತ್ತದೆ. ಮುಚ್ಚಳ ಮರೆತರೆ ಅಂಚು ಒಣಗಿ ಕಣಗಳು ಸುಮ್ಮನೆ ಒತ್ತಾಗುತ್ತವೆ. ಆಂಟಿಜನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಬಳಸುವ ಮುನ್ನ ಕೋಣೆಯ ಶಾಖಕ್ಕೆ ಬರಬೇಕು. ಅದರ ಸೂಜಿಯನ್ನೂ ಪರೀಕ್ಷಿಸಬೇಕು: ಅರ್ಧ ಮಿ.ಲೀ. ಆಂಟಿಜನ್‌ಗೆ 30 ಹನಿ ಬೀಳಬೇಕು, ಒಂದು ಹೆಚ್ಚುಕಡಿಮೆ. ಹನಿ ದಪ್ಪವಾದರೆ ಇಡೀ ದಿನದ ಫಲಿತಾಂಶ ಓರೆಯಾಗುತ್ತದೆ, ಆದರೂ ಸೂಜಿಯನ್ನು ಅನುಮಾನಿಸುವವರು ಕಡಿಮೆ. ಇಷ್ಟರ ಮೇಲೆ ಮಲೇರಿಯಾ, ಕುಷ್ಠ, ಲೂಪಸ್, ಕೆಲವೊಮ್ಮೆ ಗರ್ಭಾವಸ್ಥೆಯೇ ಸುಳ್ಳು ಪಾಸಿಟಿವ್ ಕೊಡಬಹುದು. ಎರಡನೇ ಹಂತದ ಸಿಫಿಲಿಸ್‌ನಲ್ಲಿ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತು) ಅತಿಯಾಗಿ, ಕಣಗಳು ಒಟ್ಟುಗೂಡದೆ ನೆಗೆಟಿವ್ ಕಾಣುವುದೂ ಉಂಟು. ಮೈಮೇಲೆ, ಅಂಗೈ ಅಂಗಾಲಿನಲ್ಲಿ ದದ್ದಿದ್ದು ಆರ್‌ಪಿಆರ್ ನೆಗೆಟಿವ್ ಇದ್ದರೆ ಸೀರಂ ತೆಳುಮಾಡಿ ಮತ್ತೆ ನೋಡಬೇಕು.

ಬೆರಳು ಚುಚ್ಚಿ ಮಾಡುವ ಪಟ್ಟಿ ಪರೀಕ್ಷೆ ಇವೆಲ್ಲವನ್ನೂ ದಾಟಿತು. ಫ್ರಿಜ್ ಬೇಡ, ಸೆಂಟ್ರಿಫ್ಯೂಜ್ ಬೇಡ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಉತ್ತರ. ಒಂದೇ ಪಟ್ಟಿಯಲ್ಲಿ ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ನೋಡುವುದೂ ಬಂದಿದೆ. ಇದಕ್ಕೊಂದು ಮಿತಿ ಇದೆ. ಇದು ಹುಡುಕುವುದು ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನು. ಅದು ವಾಸಿಯಾದ ಮೇಲೂ ಬಹುಮಂದಿಯಲ್ಲಿ ಜೀವಮಾನವಿಡೀ ಉಳಿಯುತ್ತದೆ. ಹಿಂದೆಂದೋ ಚಿಕಿತ್ಸೆ ಪಡೆದವರೂ ಪಾಸಿಟಿವ್ ಬರುತ್ತಾರೆ. ಯಾಸ್ ಎಂಬ ಚರ್ಮರೋಗ ಬಂದುಹೋದವರೂ ಬರುತ್ತಾರೆ, ಅದರ ರೋಗಾಣು ಸಿಫಿಲಿಸ್‌ನದ್ದರ ಒಡಹುಟ್ಟು. ಈಗ ಸೋಂಕು ಸಕ್ರಿಯವಾಗಿದೆಯೇ, ಚಿಕಿತ್ಸೆ ಹಿಡಿಸಿತೇ ಎಂದು ಹೇಳಲು ಆರ್‌ಪಿಆರ್ ಮಟ್ಟವೇ ಬೇಕು. ಸೀರಂ ಅನ್ನು ಎಷ್ಟು ಪಟ್ಟು ತೆಳುಮಾಡಿದರೂ ಪಾಸಿಟಿವ್ ಬರುತ್ತದೆ ಎಂಬುದೇ ಆ ಮಟ್ಟ. ಅದು ನಾಲ್ಕು ಪಟ್ಟು ಇಳಿಯಬೇಕು, ಉದಾಹರಣೆಗೆ 1:32 ಇದ್ದದ್ದು 1:8ಕ್ಕೆ.

ಆದರೆ ಬಸುರಿಯ ವಿಷಯದಲ್ಲಿ ಈ ಜಿಜ್ಞಾಸೆಗೆ ಕಾಯಬೇಡಿ. ಪಟ್ಟಿಯಲ್ಲಿ ಗೆರೆ ಬಂದರೆ ಅದೇ ದಿನ, ಅದೇ ಕೋಣೆಯಲ್ಲಿ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಸ್ನಾಯುವಿಗೆ ಕೊಡಿ. ರಕ್ತವನ್ನು ಆರ್‌ಪಿಆರ್‌ಗೆ ಆಮೇಲೆ ಕಳಿಸಿ. ಸೋಂಕು ಹಳೆಯದೋ ಹೊಸದೋ ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು ಡೋಸ್ ಬೇಕು, ಆದರೆ ಮೊದಲನೆಯದು ಇವತ್ತೇ. ಪೆನಿಸಿಲಿನ್ ಅಲರ್ಜಿ ಕೇಳಿಕೊಂಡು, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು. ಹೆರಿಗೆಗೆ ಕನಿಷ್ಠ 30 ದಿನ ಮೊದಲು ಚಿಕಿತ್ಸೆ ಶುರುವಾಗಿದ್ದರೆ ಮಾತ್ರ ಮಗುವಿಗೂ ಸಾಕಾಯಿತೆಂದು ಲೆಕ್ಕ. ಬೇಡದವರಿಗೆ ಒಂದು ಚುಚ್ಚುಮದ್ದು ಹೆಚ್ಚಾದರೆ ಆಗುವ ಹಾನಿ, ಬೇಕಾದವರಿಗೆ ತಪ್ಪಿದರೆ ಆಗುವ ಹಾನಿಯ ಹತ್ತಿರಕ್ಕೂ ಬಾರದು.

ನಿಖರತೆಯ ಚರ್ಚೆಯಲ್ಲಿ ಮರೆತುಹೋಗುವುದು ಇದೇ. ನೂರು ಸೋಂಕಿತರಿದ್ದಾರೆ ಎನ್ನಿ. ದೂರದ ಲ್ಯಾಬ್ 95 ಜನರನ್ನು ಹಿಡಿಯುತ್ತದೆ, ವರದಿ ವಾರಕ್ಕೆ ಬರುತ್ತದೆ, ಅರ್ಧ ಜನ ಮರಳುವುದಿಲ್ಲ: ಚಿಕಿತ್ಸೆ ಸಿಕ್ಕಿದ್ದು 47 ಅಥವಾ 48 ಜನರಿಗೆ. ನೂರರಲ್ಲಿ 75 ಮಾತ್ರ ಹಿಡಿಯುವ ಸಾಧಾರಣ ಪಟ್ಟಿ ಕಣ್ಣೆದುರೇ ಉತ್ತರ ಕೊಟ್ಟರೆ 75 ಜನರಿಗೆ ಚಿಕಿತ್ಸೆ. ಯಾವ ಪರೀಕ್ಷೆ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಕಿಟ್ಟಿನ ಕಾಗದದಲ್ಲಿಲ್ಲ, ನಿಮ್ಮ ಹೊರರೋಗಿ ರಿಜಿಸ್ಟರಿನಲ್ಲಿದೆ. ಎಷ್ಟು ಜನ ಮರಳಿ ಬರುತ್ತಾರೆಂದು ಎಣಿಸಿ.

ಹುಣ್ಣುಗಳ ಬಗ್ಗೆ ಚುಟುಕಾಗಿ. ನೋವಿಲ್ಲದ ಗಟ್ಟಿ ಅಂಚಿನ ಹುಣ್ಣು ಸಿಫಿಲಿಸ್, ಗುಂಪುಗುಂಪಾಗಿ ನೋಯುವ ಗುಳ್ಳೆ ಹರ್ಪಿಸ್ ಎಂದು ಪುಸ್ತಕ ಹೇಳುತ್ತದೆ. ಎಚ್‌ಐವಿ ಇದ್ದರೆ, ಮೇಲೆ ಬೇರೆ ಸೋಂಕು ಕೂತಿದ್ದರೆ, ಮುಲಾಮು ಹಚ್ಚಿಕೊಂಡು ಬಂದಿದ್ದರೆ ಪುಸ್ತಕದ ಚಿತ್ರ ಸಿಗುವುದಿಲ್ಲ. ಹುಣ್ಣಾದ ಮೊದಲ ದಿನಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರುವುದು ಸಾಮಾನ್ಯ, ಅದನ್ನು ನಂಬಿ ಪೆನಿಸಿಲಿನ್ ತಡೆಹಿಡಿಯಬೇಡಿ. 2022ರ ನಂತರ ಎಂಪಾಕ್ಸ್ (ಹಿಂದೆ ಮಂಕಿಪಾಕ್ಸ್ ಎನ್ನುತ್ತಿದ್ದ ವೈರಸ್ ರೋಗ) ಕೂಡ ಹುಣ್ಣು ತರುವ ರೋಗಗಳ ಸಾಲಿಗೆ ಸೇರಿದೆ.

ಯಂತ್ರ, ಪಟ್ಟಿ ಬಂದವೆಂದು ಕಲ್ಚರ್ ಕೈಬಿಡಲಾಗದು. ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಒಂದೊಂದಾಗಿ ಗೊನೊರಿಯಾದ ಮುಂದೆ ಸೋತಿವೆ. 2015ರಲ್ಲಿ ಜಪಾನಿನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ತಳಿಯೊಂದು ಸಿಕ್ಕಿ, ಆಮೇಲೆ ಬೇರೆ ದೇಶಗಳಲ್ಲೂ ಕಂಡಿತು. ಯಾವ ಔಷಧಿ ಎಷ್ಟು ಹಿಡಿಸುತ್ತದೆಂದು ತಿಳಿಯಲು ಜೀವಂತ ರೋಗಾಣು ಬೇಕು. ಅದು ಬಲು ಸೂಕ್ಷ್ಮ. ಹತ್ತಿಯ ಸ್ವಾಬ್ ಅದಕ್ಕೆ ವಿಷವಾಗಬಹುದು, ಡೇಕ್ರಾನ್ ಎಂಬ ಕೃತಕ ನೂಲಿನದ್ದು ಬಳಸಿ. ಫ್ರಿಜ್ಜಿನಲ್ಲಿಟ್ಟ, ರೋಗಾಣು ಬೆಳೆಸುವ ಪ್ಲೇಟನ್ನು ಕೋಣೆಯ ಶಾಖಕ್ಕೆ ತಂದು ರೋಗಿಯ ಪಕ್ಕದಲ್ಲೇ ಮಾದರಿ ಹಚ್ಚಿ. ಇಂಗಾಲದ ಡೈಆಕ್ಸೈಡ್ ಕಪಾಟು ಇಲ್ಲದಿದ್ದರೆ ಬಿಗಿ ಮುಚ್ಚಳದ ಜಾಡಿ, ಒಂದು ತೇವದ ಹತ್ತಿಯುಂಡೆ, ವಾಸನೆಯಿಲ್ಲದ ಬಿಳಿ ಮೇಣದಬತ್ತಿ ಸಾಕು. ಬತ್ತಿ ತಾನಾಗಿ ಆರುವ ಹೊತ್ತಿಗೆ ಒಳಗೆ ಆ ಅನಿಲ ಶೇ. 3ರಷ್ಟು ಸೇರಿರುತ್ತದೆ. ಜಾಡಿಯನ್ನು 35-36 ಡಿಗ್ರಿಯಲ್ಲಿಟ್ಟು 24 ಮತ್ತು 48 ಗಂಟೆಗೆ ನೋಡಿ. ಕೀವು ಸುರಿಯುವ ಗಂಡಸಿನ ಮಾದರಿಗೆ ನಿಜವಾದ ಉಪಯೋಗ ಇಲ್ಲಿದೆ, ವಿಶೇಷವಾಗಿ ಔಷಧಿ ತೆಗೆದುಕೊಂಡೂ ಕೀವು ನಿಲ್ಲದವನದು.

ಕೊನೆಯದಾಗಿ ಗುಣಮಟ್ಟ. ಪಟ್ಟಿ ಪರೀಕ್ಷೆಗಳು ಕೆಡುವುದು ಸಣ್ಣ ವಿಷಯಗಳಲ್ಲಿ: ಒಂದು ಕಿಟ್ಟಿನ ಬಫರ್ (ಜೊತೆಗೆ ಬರುವ ದ್ರಾವಣ) ಮುಗಿಯಿತೆಂದು ಇನ್ನೊಂದರದ್ದೋ ನೀರೋ ಹಾಕುವುದು, ಡ್ರಾಪರ್ ಓರೆ ಹಿಡಿದು ಹನಿ ಚಿಕ್ಕದಾಗುವುದು, ಚೀಲ ಬೆಳಿಗ್ಗೆಯೇ ಕತ್ತರಿಸಿಟ್ಟು ಪಟ್ಟಿ ತೇವ ಹೀರುವುದು, ಹೊತ್ತು ಮೀರಿ ಓದಿ ಆಮೇಲೆ ಮೂಡಿದ ಗೆರೆಯನ್ನು ಪಾಸಿಟಿವ್ ಎನ್ನುವುದು. ಸಮಯದೊಳಗೆ ಮೂಡಿದ ಮಸುಕು ಗೆರೆಯೂ ಗೆರೆಯೇ. ಅದನ್ನು 'ಅನುಮಾನ' ಎಂದು ಬರೆಯಬಾರದು. ದೂರದ ಕೇಂದ್ರಗಳನ್ನು ಪರೀಕ್ಷಿಸಲು ಒಣಗಿಸಿದ ಸೀರಂ ಟ್ಯೂಬ್ ಅನುಕೂಲ. 20 ಮೈಕ್ರೊಲೀಟರ್ ಸೀರಂಗೆ ಚೂರು ಹಸಿರು ಬಣ್ಣ ಬೆರೆಸಿ ಟ್ಯೂಬಿನ ತಳದಲ್ಲಿ ಒಂದು ರಾತ್ರಿ ಒಣಗಿಸಿದರೆ ತಂಪುಪೆಟ್ಟಿಗೆಯಿಲ್ಲದೆ ಕಳಿಸಬಹುದು. ಅಲ್ಲಿಯವರು ಬಫರ್ ಹಾಕಿ ಕರಗಿಸಿ, ರೋಗಿಯ ಮಾದರಿಯಂತೆಯೇ ಪರೀಕ್ಷಿಸಿ, ಫಲಿತಾಂಶ ಬರೆದು ಕಳಿಸುತ್ತಾರೆ. ಬಣ್ಣ ಹಾಕುವುದು ಒಣಗಿದ ಚುಕ್ಕೆ ಪೂರ್ತಿ ಕರಗಿತೇ ಎಂದು ಕಣ್ಣಿಗೆ ತಿಳಿಯಲಿ ಎಂದು. ಒಂದು ಕೇಂದ್ರದ ಉತ್ತರಗಳು ತಪ್ಪಿದರೆ ಮೊದಲು ಅಲ್ಲಿಗೆ ಹೋಗಿ ಅವರು ಪರೀಕ್ಷೆ ಮಾಡುವುದನ್ನು ಆರಂಭದಿಂದ ಕೊನೆಯವರೆಗೆ ಸುಮ್ಮನೆ ನಿಂತು ನೋಡಿ, ಗೋಡೆಯ ಮೇಲೆ ಗಡಿಯಾರ ಇದೆಯೇ ಎಂಬುದನ್ನೂ ಸೇರಿಸಿ. ಕಿಟ್ಟಿನ ಬ್ಯಾಚ್ ಸಂಖ್ಯೆ ಅದಾದ ಮೇಲೆ ನೋಡಿದರಾಯಿತು.